ಕೋಲಾರದ ಲೇಔಟ್ ಬಂಗಾಳಕೊಲ್ಲಿಯಲ್ಲಿ ಬಿದ್ದಾಗ

ಕೋಲಾರದ ಹತ್ತಿರದ ಒಂದು ಲೇಔಟ್‌ನ ಕ್ಯಾಡ್ ಡ್ರಾಯಿಂಗ್ (ಕಂಪ್ಯೂಟರ್‌ನಲ್ಲಿ ಬರೆದ ನಕ್ಷೆ) ನನ್ನ ಕೈಗೆ ಬಂತು. ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯ ಜಾಗಗಳನ್ನು ಸಪಾಟು ನಕ್ಷೆಯ ಅಂಕಿಗಳಾಗಿಸುವ ಲೆಕ್ಕ, ಯಾವುದೆಂದು ಎಲ್ಲೂ ಬರೆದಿರಲಿಲ್ಲ. ಕೋಲಾರ 78 ಡಿಗ್ರಿ ರೇಖಾಂಶದ ಆಚೆ ಇದೆ, ಹಾಗಾಗಿ ಯುಟಿಎಂ (ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚುವ ಪ್ರೊಜೆಕ್ಷನ್) 44ನೇ ವಲಯವೇ ಇರಬೇಕು ಅಂದುಕೊಂಡೆ, 43 ಅಲ್ಲಿಗೇ ಮುಗಿಯುತ್ತದಲ್ಲ. ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಅದನ್ನೇ ಕೊಟ್ಟೆ. ಲೇಔಟ್ ಹೋಗಿ ಬಂಗಾಳಕೊಲ್ಲಿಯಲ್ಲಿ ಬಿತ್ತು, ಸುಮಾರು 650 ಕಿಲೋಮೀಟರ್ ದೂರ!

ಮೊದಲು ಅಂಕಿ ಓದಬೇಕಿತ್ತು. ಎಕ್ಸ್ (ಪೂರ್ವ-ಪಶ್ಚಿಮ) ಅಂಕಿ 8.4 ಲಕ್ಷ ಮೀಟರ್ ಹತ್ತಿರ, ವೈ (ಉತ್ತರ-ದಕ್ಷಿಣ) 14.5 ಲಕ್ಷದ ಮೇಲೆ. 44ನೇ ವಲಯದಲ್ಲಿ ಕೋಲಾರದ ಎಕ್ಸ್ 1.9 ಲಕ್ಷದ ಆಸುಪಾಸು ಇರುತ್ತದೆ. ಕರ್ನಾಟಕದ ಬಹುಪಾಲು 43ರಲ್ಲೇ ಬರುವುದರಿಂದ ಸರ್ವೇಯರ್ ಅದನ್ನೇ ಮುಂದುವರಿಸಿದ್ದರು. ಬೆಂಗಳೂರಾದರೆ ಎಕ್ಸ್ 7.8 ಲಕ್ಷ, ವೈ 14.35 ಲಕ್ಷ. ನಿಮ್ಮ ಊರಿನ ಈ ಎರಡು ಅಂಕಿ ಬಾಯಿಪಾಠ ಇರಲಿ. ಎಕ್ಸ್, ವೈ ಅದಲುಬದಲಾಗಿದ್ದರೂ, ಡ್ರಾಯಿಂಗ್ ಮಿಲಿಮೀಟರ್‌ನಲ್ಲಿದ್ದರೂ ನೋಡಿದ ಕೂಡಲೇ ತಿಳಿಯುತ್ತದೆ.

ಇನ್ನೊಂದು ಮಾತು. ಲೇಯರ್‌ಗೆ (ಸಾಫ್ಟ್‌ವೇರ್‌ನಲ್ಲಿ ತೆರೆದ ಡ್ರಾಯಿಂಗ್‌ಗೆ) ಪ್ರೊಜೆಕ್ಷನ್ ಇದು ಎಂದು ಹೇಳುವುದು ಬೇರೆ, ರೀಪ್ರೊಜೆಕ್ಟ್ ಮಾಡುವುದು, ಅಂದರೆ ಇನ್ನೊಂದು ಪ್ರೊಜೆಕ್ಷನ್‌ಗೆ ಪರಿವರ್ತಿಸುವುದು ಬೇರೆ. ಮೊದಲನೆಯದರಲ್ಲಿ ಅಂಕಿ ಹಾಗೇ ಉಳಿಯುತ್ತದೆ, ಎರಡನೆಯದರಲ್ಲಿ ಬದಲಾಗುತ್ತದೆ. ಮೂಲ ಗೊತ್ತಾಗುವ ಮೊದಲೇ ರೀಪ್ರೊಜೆಕ್ಟ್ ಮಾಡಿದರೆ ತಪ್ಪಿನ ಮೇಲೆ ತಪ್ಪು.

ಜಾಸ್ತಿ ಕಷ್ಟ ಕೊಡುವುದು 1000, 1000 ರಿಂದ ಶುರುವಾಗುವ ಡ್ರಾಯಿಂಗ್‌ಗಳು. ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಇಟ್ಟ ಜಾಗಕ್ಕೆ ಸರ್ವೇಯರ್ ತಾವೇ ಕೊಟ್ಟುಕೊಂಡ ಅಂಕಿ ಅದು. ಅಲ್ಲಿ ಪ್ರೊಜೆಕ್ಷನ್ನೇ ಇಲ್ಲ, ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗಲ್ಲ. ಕಾಂಪೌಂಡ್ ಮೂಲೆ, ಮೋರಿ, ಗಡಿಕಲ್ಲು, ಹೀಗೆ ದೂರದೂರದ ನಾಲ್ಕು ಬಿಂದು ಆರಿಸಿ, ಡಿಜಿಪಿಎಸ್‌ನಲ್ಲಿ (ಹೆಚ್ಚು ನಿಖರವಾದ ಜಿಪಿಎಸ್) ಅಳೆಸಿ. ಆಮೇಲೆ ಡ್ರಾಯಿಂಗ್ ಆ ಬಿಂದುಗಳಿಗೆ ಕೂರುವಂತೆ ಸರಿಸುವುದು, ತಿರುಗಿಸುವುದು, ಒಂದೇ ಸ್ಕೇಲ್ ಕೊಡುವುದು, ಇಷ್ಟೇ ಮಾಡಿ. ರಬ್ಬರಿನಂತೆ ಎಳೆದು ಕೂರಿಸಿದರೆ ಪಕ್ಕದ ಸೈಟಿನವರ ಗೋಡೆ ಇವರ ಜಾಗಕ್ಕೆ ಬರುತ್ತದೆ. ಅದು ಜನರ ಆಸ್ತಿ, ಅಲ್ವಾ?

ಸ್ಕೇಲ್ ಎಷ್ಟು ಬಂತು ನೋಡಿ. ಬೆಂಗಳೂರಿನ ಎತ್ತರದಲ್ಲಿ ನೆಲದ ಮೇಲಿನ 1 ಕಿಲೋಮೀಟರ್ ಯುಟಿಎಂನಲ್ಲಿ ಸುಮಾರು 40 ಸೆಂಟಿಮೀಟರ್ ಉದ್ದವಾಗಿ ಕಾಣುತ್ತದೆ. ಅಂದರೆ ಸ್ಕೇಲ್ 1.0004 ಬಂದರೆ ಸರಿ. 1.02 ಬಂದರೆ ಯಾವುದೋ ಬಿಂದು ತಪ್ಪು, ಅದನ್ನು ಹುಡುಕಿ.

ಎಲ್ಲವೂ ಒಂದೇ ದಿಕ್ಕಿಗೆ ಇನ್ನೂರು ಮೀಟರ್ ಆಸುಪಾಸು ಜರುಗಿದ್ದರೆ ಹಳೆಯ ಎವರೆಸ್ಟ್ ಡೇಟಮ್ (ಅಳತೆಗೆ ಆಧಾರವಾಗಿ ಹಿಡಿದ ಭೂಮಿಯ ಆಕಾರ, ಸ್ಥಾನ) ಮೇಲೆ ಅನುಮಾನ ಪಡಿ. ಸರ್ವೇ ಆಫ್ ಇಂಡಿಯಾದ ಹಳೆಯ ಟೋಪೋಶೀಟ್‌ಗಳು (ಭೂನಕ್ಷೆಗಳು) ಅದರಲ್ಲೇ ಇವೆ. ಸುಮ್ನೆ ಮೌಸ್‌ನಲ್ಲಿ ಎಳೆಯಬೇಡಿ, ಎವರೆಸ್ಟ್ ಆಧಾರದ ಕಲ್ಯಾಣಪುರ 1975 (Kalianpur 1975) ಡೇಟಮ್ ಕೊಟ್ಟು ನೋಡಿ.