ಗ್ರಾಫಿಕ್ಸ್ ಡ್ರೈವರ್: ಬೇರುಸಹಿತ ತೆಗೆಯುವುದು ಹೇಗೆ?

ಪರದೆಯ ಮೇಲೆ ಗೆರೆ, ಬಣ್ಣದ ಚೌಕಳಿ ಕಂಡ ಕೂಡಲೇ ಡ್ರೈವರಿಗೆ, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶಕ್ಕೆ ಕೈಹಾಕಬೇಡಿ. ಮೊದಲು ಕಂಪ್ಯೂಟರ್ ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ ತೆರೆದು ನೋಡಿ. ಅಲ್ಲೂ ಅದೇ ಗೆರೆಗಳಿದ್ದರೆ ತಪ್ಪು ಡ್ರೈವರಿನದ್ದಲ್ಲ, ಏಕೆಂದರೆ ಆ ಹೊತ್ತಿಗೆ ವಿಂಡೋಸ್ ಡ್ರೈವರ್ ಲೋಡ್ ಆಗಿಯೇ ಇರುವುದಿಲ್ಲ. ಕಾರ್ಡ್, ಕೇಬಲ್, ಮಾನಿಟರ್ ಪರೀಕ್ಷಿಸಿ. ಬಯಾಸ್ ಚೆನ್ನಾಗಿದ್ದು ವಿಂಡೋಸ್‌ನಲ್ಲಿ ಮಾತ್ರ ತೊಂದರೆ ಕೊಡುತ್ತಿದ್ದರೆ, ಅಥವಾ ಎನ್ವಿಡಿಯಾ ಕಾರ್ಡ್ ತೆಗೆದು ಎಎಂಡಿ ಕಾರ್ಡ್ ಹಾಕುವುದಿದ್ದರೆ ಹಳೆಯದನ್ನು ಪೂರ್ತಿ ತೆಗೆಯಬೇಕು. ಪ್ರತಿ ಅಪ್‌ಡೇಟಿಗೂ ಈ ಕೆಲಸ ಬೇಡ. ಹಳೆಯದರ ಮೇಲೆಯೇ ಹೊಸ ಆವೃತ್ತಿ ಹಾಕಿದರೆ ಸಾಕು.

ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದರೆ ಸಾಲದೇ? ಸಾಲದು. ಸಿಸ್ಟಮ್32 ಫೋಲ್ಡರಿನೊಳಗೆ ಡ್ರೈವರ್‌ಸ್ಟೋರ್ ಎಂಬ ಉಗ್ರಾಣವಿದೆ. ಹಾಕಿದ ಪ್ರತಿ ಡ್ರೈವರಿನ ಒಂದು ಪ್ರತಿಯನ್ನು ವಿಂಡೋಸ್ ಅಲ್ಲಿ ಇಟ್ಟುಕೊಳ್ಳುತ್ತದೆ. ನೀವು ಡ್ರೈವರ್ ತೆಗೆದು ರೀಸ್ಟಾರ್ಟ್ ಮಾಡಿದಾಗ ಕಾರ್ಡನ್ನು ಗುರುತಿಸಿ, ಅದೇ ಉಗ್ರಾಣದಿಂದ ಹಳೆಯದನ್ನು ಮತ್ತೆ ಕೂರಿಸುತ್ತದೆ. ಅಲ್ಲಿ ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನೆಟ್‌ನಿಂದ ತರುತ್ತದೆ. ನೀವು ಹೊಸದನ್ನು ಇನ್‌ಸ್ಟಾಲ್ ಮಾಡುತ್ತಿರುವಾಗಲೇ ಇದು ಹಿನ್ನೆಲೆಯಲ್ಲಿ ನಡೆದರೆ ಎರಡೂ ಒಂದಕ್ಕೊಂದು ಅಡ್ಡ ಬಂದು, ಇನ್‌ಸ್ಟಾಲರ್ ಅರ್ಧಕ್ಕೇ ಕೈಬಿಡಬಹುದು.

ಆದ್ದರಿಂದ ಸಿದ್ಧತೆಗೆ ಸಮಯ ಕೊಡಿ. ಹೊಸ ಡ್ರೈವರನ್ನು ಮೊದಲೇ ಡೌನ್‌ಲೋಡ್ ಮಾಡಿಡಿ. ಲ್ಯಾಪ್‌ಟಾಪ್ ಆದರೆ ಅದನ್ನು ತಯಾರಿಸಿದ ಕಂಪನಿಯ ಸೈಟಿನಿಂದ ತಂದುಕೊಳ್ಳುವುದು ಒಳ್ಳೆಯದು. ಡಿಡಿಯು, ಅಂದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶವನ್ನು ಸಿ ಡ್ರೈವಿನಲ್ಲಿ ಬಿಚ್ಚಿಡಿ. ಇದನ್ನು ಸೇಫ್ ಮೋಡ್‌ನಲ್ಲಿ, ಅಂದರೆ ಅತ್ಯಗತ್ಯ ಡ್ರೈವರುಗಳಷ್ಟೇ ಲೋಡ್ ಆಗುವ ವಿಂಡೋಸ್ ಸ್ಥಿತಿಯಲ್ಲಿ ಓಡಿಸಬೇಕು. ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಸೇಫ್ ಮೋಡ್‌ಗೆ ಹೋಗುವಾಗ ಕೇಳಬಹುದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ನಿಮ್ಮ ಅಕೌಂಟಿನ ಪಾಸ್‌ವರ್ಡ್ ನೆನಪಿದೆಯೇ? ವರ್ಷಗಟ್ಟಲೆ ನಾಲ್ಕಂಕಿಯ ಪಿನ್ ಒತ್ತಿಯೇ ಒಳಹೋದವರಿಗೆ ಅದು ಮರೆತಿರುತ್ತದೆ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೇ ಹೋಗಬಹುದು. ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸಾಧನದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ ಬಂದಿದ್ದರಂತೂ ಪ್ರತಿ ಬಾರಿಯೂ ಅಲ್ಲಿಗೇ ಬಂದು ನಿಲ್ಲುತ್ತದೆ, ಲಾಗಿನ್ ಆಗದೆ ಆ ಟಿಕ್ ತೆಗೆಯುವುದು ಸುಲಭವಲ್ಲ.

ಹಾಗಾಗಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತುವ ದಾರಿಯೇ ಕ್ಷೇಮ. ಮೊದಲು ನೆಟ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ನಂತರ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ ಸೇಫ್ ಮೋಡ್‌ಗಾಗಿ 4 ಒತ್ತಿ. ಡಿಡಿಯು ತೆರೆದು ಬಲಗಡೆ ಜಿಪಿಯು (ಗ್ರಾಫಿಕ್ಸ್ ಚಿಪ್) ಆರಿಸಿ, ತಯಾರಕರ ಹೆಸರು ಆರಿಸಿ. ಅದೇ ಕಾರ್ಡಿಗೆ ಹೊಸ ಡ್ರೈವರ್ ಹಾಕುವುದಾದರೆ 'ಕ್ಲೀನ್ ಆಂಡ್ ರೀಸ್ಟಾರ್ಟ್' ಒತ್ತಿ. ಕಾರ್ಡೇ ಬದಲಾಗುವುದಾದರೆ ಶಟ್‌ಡೌನ್ ಮಾಡುವ ಆಯ್ಕೆ ಇದೆ. ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ನಂತರವೇ ಕಾರ್ಡ್ ಮುಟ್ಟಿ. ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಮತ್ತು ಎನ್ವಿಡಿಯಾ ಎರಡೂ ಇದ್ದರೆ, ಕೆಟ್ಟಿರುವುದನ್ನಷ್ಟೇ ತೆಗೆಯಿರಿ.

ಮತ್ತೆ ಆನ್ ಆದಾಗ ಐಕಾನ್‌ಗಳು ದಪ್ಪಗೆ ಕಾಣುತ್ತವೆ, ಎರಡನೇ ಮಾನಿಟರ್ ಕಪ್ಪಾಗಿರುತ್ತದೆ, ಲ್ಯಾಪ್‌ಟಾಪಿನ ಬೆಳಕು ಹೆಚ್ಚುಕಡಿಮೆ ಮಾಡಲು ಬಾರದೇ ಇರಬಹುದು. ಗಾಬರಿ ಬೇಡ. ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದು ತೋರಿಸಿದರೆ ಕೆಲಸ ಸರಿಯಾಗಿದೆ. ಕಾರ್ಡಿನ ಹೆಸರೇ ತೋರಿಸಿದರೆ ಹಳೆಯ ಡ್ರೈವರ್ ಎಲ್ಲಿಂದಲೋ ವಾಪಸ್ ಬಂದಿದೆ ಎಂದರ್ಥ. ನೆಟ್ ನಿಜವಾಗಿ ಆಫ್ ಆಗಿತ್ತೇ ನೋಡಿ, ಇನ್ನೊಮ್ಮೆ ಮಾಡಿ.

ಈಗ ಡೌನ್‌ಲೋಡ್ ಮಾಡಿಟ್ಟ ಡ್ರೈವರ್ ಹಾಕಿ. ನಡುವೆ ಪರದೆ ಒಂದೆರಡು ಬಾರಿ ಕಪ್ಪಾಗುವುದು ಸಹಜ, ಆಗ ಬಟನ್ ಒತ್ತಿ ಆಫ್ ಮಾಡಬೇಡಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರು ಹಳದಿ ಗುರುತಿಲ್ಲದೆ ಬಂದಿದೆಯೇ ನೋಡಿ, ಆಮೇಲೆ ನೆಟ್ ಕೇಬಲ್ ಸಿಕ್ಕಿಸಿ. ಇಷ್ಟಾದ ಮೇಲೂ ಅಲ್ಲಿ ಕೋಡ್ 43, ಅಂದರೆ ಸಾಧನದಲ್ಲಿ ದೋಷವಿದೆ ಎಂಬ ಸೂಚನೆ ಬಂದರೆ ಕಾರ್ಡನ್ನು ಸ್ಲಾಟಿನಿಂದ ತೆಗೆದು ಮತ್ತೆ ಕೂರಿಸಿ, ಪವರ್ ಕೇಬಲ್ ಬಿಗಿಯಾಗಿದೆಯೇ ನೋಡಿ, ಸಾಧ್ಯವಾದರೆ ಬೇರೆ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿ.