ಪ್ಯಾರಿಷ್ ಕೌನ್ಸಿಲ್ ಅಂದರೆ ಚರ್ಚ್ ಸಮಿತಿ ಅಲ್ಲ

ಮೊನ್ನೆ ಮತ್ತೆ ಅದೇ ತಪ್ಪು ಕಣ್ಣಿಗೆ ಬಿತ್ತು. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಮಕ್ಕಳ ಆಟದ ಜಾಗಕ್ಕೆ ಹೊಸ ಉಯ್ಯಾಲೆ ಹಾಕಿಸುವ ಸುದ್ದಿ. ಕನ್ನಡಕ್ಕೆ ತಂದವರು ‘ಇದಕ್ಕಾಗಿ ಅಲ್ಲಿನ ಚರ್ಚ್ ಸಮಿತಿ ತೆರಿಗೆ ಏರಿಸಿದೆ’ ಎಂದು ಬರೆದಿದ್ದರು. ಚರ್ಚ್ ಸಮಿತಿ ಊರವರ ಮೇಲೆ ತೆರಿಗೆ ಏರಿಸುವುದು ಹೇಗೆ? ಬರೆದವರಿಗೆ ಈ ಪ್ರಶ್ನೆ ಬರಲಿಲ್ಲ, ತಿದ್ದಿದವರಿಗೂ ಬರಲಿಲ್ಲ. ಮೂಲದಲ್ಲಿ ಇದ್ದದ್ದು ಪ್ಯಾರಿಷ್ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತಕ್ಕೆ ಹಳ್ಳಿಯ ಜನ ಆರಿಸುವ ಕೌನ್ಸಿಲ್. ಇದೇ ಪದ ಹಿಂದೊಮ್ಮೆ ‘ಧರ್ಮಮಂಡಳಿ’ ಆಗಿತ್ತು, ಇನ್ನೊಮ್ಮೆ ‘ಪಾದ್ರಿಗಳ ಸಭೆ’ ಆಗಿತ್ತು. ಇಷ್ಟು ಸಲ ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ತಪ್ಪು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರುವುದೇ. ನಮ್ಮಲ್ಲಿ ಪ್ಯಾರಿಷ್ ಅನ್ನುವ ಮಾತು ಕೇಳಿಬರುವುದೇ ಚರ್ಚಿನ ಆಸುಪಾಸು. ಕನ್ನಡ ಕ್ಯಾಥೊಲಿಕರು ಅದಕ್ಕೆ ಧರ್ಮಕೇಂದ್ರ ಅನ್ನುತ್ತಾರೆ. ಮಂಗಳೂರು ಕಡೆಯ ಕೊಂಕಣಿಯಲ್ಲಿ ಅದು ಫಿರ್ಗಜ್. ‘ಚರ್ಚ್ ಪಾಲನಾ ಮಂಡಳಿಯ ಉಪಾಧ್ಯಕ್ಷರು ಸ್ವಾಗತಿಸಿದರು’ ಅನ್ನುವ ಸಾಲು ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದು ನಿಜಕ್ಕೂ ಚರ್ಚಿನದೇ ಮಂಡಳಿ. ಆದರೆ ಆ ಫಿರ್ಗಜ್ ಪದವನ್ನೇ ನೋಡಿ. ಅದರ ತವರು ಪೋರ್ಚುಗೀಸಿನ ಫ್ರೆಗೆಸಿಯಾ. ಪೋರ್ಚುಗಲ್‌ನಲ್ಲಿ ಇವತ್ತು ಫ್ರೆಗೆಸಿಯಾ ಅಂದರೆ ಸ್ಥಳೀಯ ಆಡಳಿತದ ಎಲ್ಲಕ್ಕಿಂತ ಚಿಕ್ಕ ಘಟಕ. ಅದಕ್ಕೆ ಚುನಾವಣೆ ನಡೆಯುತ್ತದೆ. ಪದ ನಮ್ಮ ಕರಾವಳಿಗೆ ಬಂದು ಚರ್ಚಿನಲ್ಲೇ ಉಳಿಯಿತು, ತವರಿನಲ್ಲಿ ಚರ್ಚ್ ಬಿಟ್ಟು ಬೀದಿಗೆ ಬಂತು. ಇಂಗ್ಲೆಂಡಿನ ಪ್ಯಾರಿಷ್ ಕತೆಯೂ ಇದೇ.

ಪದದ ಬೇರು ಗ್ರೀಕ್ ಭಾಷೆಯದು. ‘ಪಾರಾ’ ಅಂದರೆ ಪಕ್ಕ, ‘ಓಯ್ಕೋಸ್’ ಅಂದರೆ ಮನೆ. (ಸದ್ದು ಹತ್ತಿರ ಇದೆ ಅಂತ ನಮ್ಮ ‘ಒಕ್ಕಲು’ ಪದದ ಜೊತೆ ನಂಟು ಕಟ್ಟಬೇಡಿ. ಒಕ್ಕಲು ದ್ರಾವಿಡ ಪದ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.) ಎರಡೂ ಸೇರಿ ‘ಪಾರೊಯ್ಕೋಸ್’ ಅಂದರೆ ಪಕ್ಕದಲ್ಲಿ ಬಿಡಾರ ಹೂಡಿದವನು. ಅಂದರೆ ಪರಸ್ಥಳದವನು, ಊರಲ್ಲಿದ್ದೂ ಊರಿನವನಲ್ಲದವನು. ಮೊದಲ ಕಾಲದ ಕ್ರೈಸ್ತರು ತಮ್ಮನ್ನು ಹಾಗೆ ಕರೆದುಕೊಂಡರು. ಈ ಲೋಕ ನಮ್ಮ ಮನೆಯಲ್ಲ, ನಾಲ್ಕು ದಿನದ ಬಿಡಾರ ಅನ್ನುವುದು ಅವರ ನಂಬಿಕೆ. ಹೀಗೆ ಬಿಡಾರದ ಪದ ಕ್ರೈಸ್ತರ ಗುಂಪಿಗೆ ಅಂಟಿಕೊಂಡಿತು, ಆಮೇಲೆ ಒಬ್ಬ ಪಾದ್ರಿ ನೋಡಿಕೊಳ್ಳುವ ಪ್ರದೇಶದ ಹೆಸರಾಯಿತು. ಲ್ಯಾಟಿನ್ನಿನಲ್ಲಿ ಪರೋಕಿಯಾ, ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ಪ್ಯಾರಿಷ್. ಅದೇ ಬೇರಿನಿಂದ ಬಂದ ‘ಪರೋಕಿಯಲ್’ ಪದಕ್ಕೆ ಇವತ್ತು ತನ್ನ ಊರು ಬಿಟ್ಟು ಆಚೆ ನೋಡದವನು ಅನ್ನುವ ಅರ್ಥವೂ ಇದೆ. ಹೊರಗಿನವನು ಎಂದು ಶುರುವಾದ ಪದ ಊರಿಗೇ ಅಂಟಿಕೊಂಡವನಲ್ಲಿ ಬಂದು ನಿಂತಿದೆ. ನನಗೆ ಇಷ್ಟು ಇಷ್ಟವಾದ ಪದಚರಿತ್ರೆ ಬೇರೆ ಜಾಸ್ತಿ ಇಲ್ಲ.

ಮುಂದಿನದು ಎಲ್ಲೆಯ ಕತೆ, ತಪ್ಪು ಬಿಡಿಸುವುದಕ್ಕೆ ಇದೇ ಮುಖ್ಯ. ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡಬೇಕಿದ್ದ ಕಾಲದಲ್ಲಿ, ಯಾವ ಹೊಲ ಯಾವ ಪ್ಯಾರಿಷ್‌ಗೆ ಸೇರಿದ್ದು ಅನ್ನುವುದು ದೊಡ್ಡ ಪ್ರಶ್ನೆ. ಅದಕ್ಕೇ ವಸಂತದಲ್ಲಿ ಒಂದು ದಿನ ಊರವರೆಲ್ಲ ಸೇರಿ ಎಲ್ಲೆ ಸುತ್ತುತ್ತಿದ್ದರು. ಕೈಯಲ್ಲಿ ಸಣ್ಣ ಕೋಲು, ಜೊತೆಗೆ ಹುಡುಗರು. ಎಲ್ಲೆಕಲ್ಲು ಬಂದಾಗ ಅದಕ್ಕೆ ಕೋಲಿನಿಂದ ಬಡಿಯುವುದು, ಕೆಲವು ಕಡೆ ಹುಡುಗನನ್ನೇ ಎತ್ತಿ ಆ ಕಲ್ಲಿಗೆ ಕುಕ್ಕುವುದು. ನಕ್ಷೆ ಇಲ್ಲದ ಕಾಲ. ಕುಕ್ಕಿಸಿಕೊಂಡ ಹುಡುಗ ಮುದುಕನಾದರೂ ಆ ಕಲ್ಲು ಮರೆಯುವುದಿಲ್ಲ ಅನ್ನುವ ಲೆಕ್ಕ.

ಹೀಗೆ ಗಟ್ಟಿಯಾದ ಎಲ್ಲೆಯನ್ನು ಸರ್ಕಾರ ತನ್ನ ಕೆಲಸಕ್ಕೆ ಬಳಸಿಕೊಂಡಿತು. 1555ರ ಕಾನೂನು ಊರ ರಸ್ತೆಯ ರಿಪೇರಿಯನ್ನು ಪ್ಯಾರಿಷ್‌ನ ಹೆಗಲಿಗೆ ಹಾಕಿತು. ಜನ ವರ್ಷಕ್ಕೆ ನಾಲ್ಕು ದಿನ ಬಂದು ಕಲ್ಲು ಮಣ್ಣು ಹೊರಬೇಕಿತ್ತು. 1601ರ ಕಾನೂನು ಬಡವರನ್ನು ಸಾಕುವ ಹೊಣೆಯನ್ನೂ, ಅದಕ್ಕೆ ತೆರಿಗೆ ಎತ್ತುವ ಹಕ್ಕನ್ನೂ ಪ್ಯಾರಿಷ್‌ಗೆ ಕೊಟ್ಟಿತು. ಇದನ್ನೆಲ್ಲ ನಡೆಸಿದ ಸಭೆಯ ಹೆಸರು ವೆಸ್ಟ್ರಿ. ಪಾದ್ರಿಯ ನಿಲುವಂಗಿ ಇಡುವ ಕೋಣೆಗೆ ವೆಸ್ಟ್ರಿ ಅನ್ನುತ್ತಾರೆ, ಸಭೆ ಸೇರುತ್ತಿದ್ದದ್ದು ಅಲ್ಲೇ. ಆ ಕಾಲದ ಬಗ್ಗೆ ಬರೆಯುವಾಗ ಚರ್ಚ್ ಸಮಿತಿ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ.

ಆದರೆ 1894ರಲ್ಲಿ ಆ ಗಂಟು ಬಿಚ್ಚಿತು. ಆ ವರ್ಷದ ಸ್ಥಳೀಯ ಆಡಳಿತ ಕಾನೂನು ವೆಸ್ಟ್ರಿಯ ಕೈಯಲ್ಲಿದ್ದ ಊರ ಕೆಲಸಗಳನ್ನು ತೆಗೆದು, ಜನ ಆರಿಸಿದ ಪ್ಯಾರಿಷ್ ಕೌನ್ಸಿಲ್‌ಗೆ ಕೊಟ್ಟಿತು. ಡಿಸೆಂಬರ್‌ನಲ್ಲಿ ಮೊದಲ ಚುನಾವಣೆ. ಹೆಂಗಸರು, ಮದುವೆಯಾದವರೂ ಸೇರಿ, ಮತ ಹಾಕಬಹುದಿತ್ತು, ಚುನಾವಣೆಗೆ ನಿಲ್ಲಲೂಬಹುದಿತ್ತು. ಪಾರ್ಲಿಮೆಂಟಿಗೆ ಮತ ಹಾಕಲು ಅವರು 1918ರ ತನಕ ಕಾಯಬೇಕಾಯಿತು. ಜಮೀನ್ದಾರ ಮತ್ತು ಪಾದ್ರಿ ಕೂತು ತೀರ್ಮಾನ ಮಾಡುತ್ತಿದ್ದ ಊರಲ್ಲಿ ಕೂಲಿಯವನೂ ಸದಸ್ಯನಾಗಬಹುದು ಅನ್ನುವುದು ಸಣ್ಣ ಬದಲಾವಣೆಯಲ್ಲ. ಇಷ್ಟು ಕಷ್ಟಪಟ್ಟು ಚರ್ಚಿನಿಂದ ಬಿಡಿಸಿಕೊಂಡ ಸಂಸ್ಥೆಯನ್ನು ನಾವು ಒಂದು ಅನುವಾದದಲ್ಲಿ ವಾಪಸ್ ಚರ್ಚಿಗೆ ತಳ್ಳುತ್ತೇವೆ. ನನ್ನ ಸಂಕಟ ಇರುವುದು ಇಲ್ಲಿ.

ಚರ್ಚಿಗೆ ಬೇರೆಯೇ ಮಂಡಳಿ ಇದೆ. ಅದರ ಹೆಸರು ಪರೋಕಿಯಲ್ ಚರ್ಚ್ ಕೌನ್ಸಿಲ್, ಚಿಕ್ಕದಾಗಿ ಪಿಸಿಸಿ. ಹಳ್ಳಿಯ ಚರ್ಚಿನ ಹಿತ್ತಲಿಗೆ ಹೋಗಿ ನಿಂತರೆ ಎರಡರ ವ್ಯತ್ಯಾಸ ಅಂಗೈಯಷ್ಟು ಸ್ಪಷ್ಟ. ಚರ್ಚಿನ ಮಾಡು ಸೋರಿದರೆ ಪಿಸಿಸಿ ದುಡ್ಡು ಹೊಂದಿಸಬೇಕು. ಅದೇ ಚರ್ಚಿನ ಸುತ್ತಲಿನ ಸಮಾಧಿ ಜಾಗ ತುಂಬಿ, ಅಧಿಕೃತವಾಗಿ ಮುಚ್ಚಿದ್ದರೆ, ಅದರ ನಿಗಾವನ್ನು ಪಿಸಿಸಿ ಪ್ಯಾರಿಷ್ ಕೌನ್ಸಿಲ್‌ಗೆ ದಾಟಿಸಬಹುದು. ಆಮೇಲೆ ಅಲ್ಲಿನ ಹುಲ್ಲು ಕತ್ತರಿಸುವುದು, ಬಾಗಿದ ಗೋಡೆ ಕಟ್ಟಿಸುವುದು ಕೌನ್ಸಿಲ್ ಖರ್ಚು. ಒಂದೇ ಕಾಂಪೌಂಡ್, ಮಾಡು ಒಬ್ಬರದು, ಹುಲ್ಲು ಇನ್ನೊಬ್ಬರದು. ಪ್ಯಾರಿಷ್ ಕೌನ್ಸಿಲ್ ಚರ್ಚ್ ಕಟ್ಟಡಕ್ಕೆ ದುಡ್ಡು ಕೊಡಬಹುದೇ ಅನ್ನುವ ಪ್ರಶ್ನೆಯೂ ಬಹಳ ಕಾಲ ಕಾಡಿತು. 1894ರ ಕಾನೂನಿನ ಒಂದು ಸಾಲು ಬೇಡ ಅನ್ನುವಂತಿತ್ತು. ಕೊಡಬಹುದು ಎಂದು ಸ್ಪಷ್ಟವಾದದ್ದು 2023ರ ಕಾನೂನಿನಲ್ಲಿ.

ಹಾಗಾದರೆ ಗ್ರಾಮ ಪಂಚಾಯಿತಿ ಅನ್ನಬಹುದಲ್ವಾ? ಚರ್ಚ್ ಸಮಿತಿಗಿಂತ ವಾಸಿ, ಆದರೂ ಬೇಡ. ಪಂಚಾಯಿತಿ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಇ-ಖಾತೆ, ಮನೆ ಕಂದಾಯ, ಕುಡಿಯುವ ನೀರು, ನರೇಗಾ. ಪ್ಯಾರಿಷ್ ಕೌನ್ಸಿಲ್‌ಗೆ ಇದ್ಯಾವುದೂ ಇಲ್ಲ. ಬಸ್ ತಂಗುದಾಣ, ಬೆಂಚು, ಆಟದ ಜಾಗ, ಊರ ಹಾಲ್, ಯುದ್ಧದಲ್ಲಿ ಸತ್ತವರ ಸ್ಮಾರಕ, ಸ್ಮಶಾನ ಅದರ ಪಾಲು. ಕಸ ಎತ್ತುವುದು ಡಿಸ್ಟ್ರಿಕ್ಟ್ ಕೌನ್ಸಿಲ್, ರಸ್ತೆ ಗುಂಡಿ ಮುಚ್ಚುವುದು ಕೌಂಟಿ ಕೌನ್ಸಿಲ್. ಎರಡೂ ಒಂದಾಗಿರುವ ಕಡೆ ಒಂದೇ ದೊಡ್ಡ ಕೌನ್ಸಿಲ್. ಯಾರಾದರೂ ಮನೆ ಕಟ್ಟಲು ಅರ್ಜಿ ಹಾಕಿದರೆ ಪ್ಯಾರಿಷ್ ಕೌನ್ಸಿಲ್ ಅಭಿಪ್ರಾಯ ಹೇಳಬಹುದು, ಅನುಮತಿ ಕೊಡುವುದು ಅದರ ಕೈಯಲ್ಲಿಲ್ಲ. ‘ಹಳ್ಳಿ ಕೌನ್ಸಿಲ್ ಬಡಾವಣೆಗೆ ಅನುಮತಿ ನಿರಾಕರಿಸಿತು’ ಎಂದು ಕಂಡರೆ ಅದು ಬಹುಪಾಲು ‘ವಿರೋಧ ಹೇಳಿತು’ ಅಷ್ಟೇ. ಸದಸ್ಯರಿಗೆ ಸಂಬಳ ಇಲ್ಲ. ಎಷ್ಟೋ ಊರಲ್ಲಿ ಚುನಾವಣೆಗೆ ನಿಲ್ಲುವವರೇ ಸಿಗದೆ, ಕೌನ್ಸಿಲ್ಲೇ ಒಬ್ಬರನ್ನು ಸೇರಿಸಿಕೊಳ್ಳುತ್ತದೆ. ಅಂಥವರನ್ನು ‘ಭರ್ಜರಿ ಗೆಲುವು’ ಎಂದು ಬರೆಯುವ ಮುಂಚೆ ವಿಚಾರಿಸಿ.

ಇದರ ಜೊತೆಗೇ ಇನ್ನು ಮೂರು ಪದ ಕೆಡುತ್ತವೆ. ಪ್ರಿಸೆಪ್ಟ್ ಅಂದರೆ ನಿಘಂಟಿನಲ್ಲಿ ನೀತಿ, ಉಪದೇಶ. ಹಳ್ಳಿಯ ಸುದ್ದಿಯಲ್ಲಿ ಅದು ದುಡ್ಡು. ನಮಗೆ ಈ ವರ್ಷ ಇಷ್ಟು ಬೇಕು ಎಂದು ಪ್ಯಾರಿಷ್ ಕೌನ್ಸಿಲ್ ಮೇಲಿನ ಕೌನ್ಸಿಲ್‌ಗೆ ಬರೆದು ಕಳಿಸುವ ಮೊತ್ತ. ಅವರು ಅದನ್ನು ಆ ಊರಿನ ಕೌನ್ಸಿಲ್ ಟ್ಯಾಕ್ಸ್‌ಗೆ ಸೇರಿಸಿ ವಸೂಲಿ ಮಾಡಿ ಕೊಡುತ್ತಾರೆ. ಉಯ್ಯಾಲೆಯ ಸುದ್ದಿಯಲ್ಲಿ ಏರಿದ್ದು ಇದೇ. ಅಲಾಟ್‌ಮೆಂಟ್ ಅಂದರೆ ನಮಗೆ ಸೈಟ್ ಹಂಚಿಕೆ. ಅಲ್ಲಿ ಅದು ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ನೆಲ. ಊರಿನ ಆರು ಮತದಾರರು ಸೇರಿ ಕೇಳಿದರೆ ಕೌನ್ಸಿಲ್ ಆ ಬೇಡಿಕೆಯನ್ನು ಪರಿಗಣಿಸಲೇಬೇಕು, 1908ರ ಕಾನೂನು ಹಾಗೆ ಹೇಳುತ್ತದೆ.

ಮೂರನೆಯದು ಕ್ಲರ್ಕ್. ಇದೂ ಚರ್ಚ್ ಬಿಟ್ಟು ಬಂದ ಪದವೇ, ಪಾದ್ರಿ ಅನ್ನುವ ಅರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ್ದು. ಅದನ್ನು ‘ಗುಮಾಸ್ತ’ ಮಾಡಿದರೆ ಸುದ್ದಿಯೇ ತಲೆಕೆಳಗು. ಪ್ಯಾರಿಷ್ ಕೌನ್ಸಿಲ್‌ನ ಕ್ಲರ್ಕ್ ಅದರ ಮುಖ್ಯ ಅಧಿಕಾರಿ. ಸಭೆಗೆ ಮೂರು ಪೂರ್ತಿ ದಿನ ಮುಂಚೆ ಬಸ್ ಸ್ಟಾಪಿನ ಹತ್ತಿರದ ಬೋರ್ಡಿಗೆ ನೋಟಿಸ್ ಹಾಕುವುದರಿಂದ ಹಿಡಿದು, ಇದು ಕಾನೂನಿಗೆ ಒಪ್ಪುತ್ತದೋ ಇಲ್ಲವೋ ಎಂದು ಸದಸ್ಯರಿಗೆ ಹೇಳುವ ತನಕ ಎಲ್ಲ ಅವರ ಕೆಲಸ. ನಮ್ಮ ಪಿಡಿಒ ನೆನಪಿಸಿಕೊಳ್ಳಿ. ಚೆಷೈರ್‌ನ ಹ್ಯಾಂಡ್‌ಫೋರ್ತ್ ಪ್ಯಾರಿಷ್ ಕೌನ್ಸಿಲ್ 2020ರ ಡಿಸೆಂಬರ್‌ನಲ್ಲಿ ಜೂಮ್‌ನಲ್ಲಿ ನಡೆಸಿದ ಸಭೆಯ ವಿಡಿಯೊ, ಎರಡು ತಿಂಗಳ ಮೇಲೆ ಲೋಕವೆಲ್ಲ ಸುತ್ತಿತಲ್ಲ, ಅಲ್ಲಿ ನಡೆದದ್ದು ಇದೇ ಜಗಳ. ಸಭೆ ನಡೆಸಿಕೊಡಲು ಬಂದಿದ್ದ ಜಾಕಿ ವೀವರ್ ಅವರಿಗೆ ಇಲ್ಲಿ ಅಧಿಕಾರ ಇಲ್ಲ ಅಂದ ಅಧ್ಯಕ್ಷರು, ತಮ್ಮ ಪರದೆಯ ಹೆಸರನ್ನೇ ಕ್ಲರ್ಕ್ ಎಂದು ಇಟ್ಟುಕೊಂಡಿದ್ದರು. ಗುಮಾಸ್ತ ಆಗಲು ಯಾವ ಅಧ್ಯಕ್ಷರೂ ಅಷ್ಟು ಕಿತ್ತಾಡುವುದಿಲ್ಲ. ಅಧಿಕಾರ ಆ ಕುರ್ಚಿಯಲ್ಲಿತ್ತು.

ಕನ್ನಡದಲ್ಲಿ ಏನು ಬರೆಯಬೇಕು ಅಂದರೆ, ಪ್ಯಾರಿಷ್ ಕೌನ್ಸಿಲ್ ಎಂದೇ ಬರೆಯಿರಿ. ಮೊದಲ ಸಲ ಬಂದಾಗ ‘ಹಳ್ಳಿಯ ಚುನಾಯಿತ ಕೌನ್ಸಿಲ್’ ಎಂದು ಪಕ್ಕದಲ್ಲಿ ಎರಡು ಮಾತು ಸೇರಿಸಿದರೆ ಸಾಕು. 2007ರಿಂದ ಅಲ್ಲಿನ ಕಾನೂನೇ, ಬೇಕಾದರೆ ಪ್ಯಾರಿಷ್ ಬಿಟ್ಟು ವಿಲೇಜ್ ಕೌನ್ಸಿಲ್ ಎಂದು ಹೆಸರಿಟ್ಟುಕೊಳ್ಳಿ ಅನ್ನುತ್ತದೆ. ಸಂಶಯ ಬಂದರೆ ಸುದ್ದಿಯಲ್ಲಿ ಇನ್ಯಾರಿದ್ದಾರೆ ನೋಡಿ. ಪಾದ್ರಿ, ಚರ್ಚ್ ವಾರ್ಡನ್, ಸೋರುವ ಮಾಡು ಇದ್ದರೆ ಅದು ಪಿಸಿಸಿ. ಪ್ರಿಸೆಪ್ಟ್, ಕ್ಲರ್ಕ್, ಬಸ್ ತಂಗುದಾಣ ಇದ್ದರೆ ಅದು ಪ್ಯಾರಿಷ್ ಕೌನ್ಸಿಲ್. ಅಮೆರಿಕದ ಲೂಯಿಸಿಯಾನಾದ ಸುದ್ದಿಯಾದರೆ ಎರಡೂ ಅಲ್ಲ. ಅಲ್ಲಿ ನಮ್ಮ ಜಿಲ್ಲೆಯಂಥ ಘಟಕಕ್ಕೇ ಪ್ಯಾರಿಷ್ ಅನ್ನುತ್ತಾರೆ, ಅಂಥವು 64 ಇವೆ.