ಗೋಡೆ ಇನ್ನೂ ನೀರಾಗಿರುವಾಗ

ಅಮೆರಿಕ, ಕೆನಡಾಗಳಲ್ಲಿ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುವವರಿದ್ದಾರೆ. ಕಾಂಕ್ರೀಟ್ ಗೋಡೆ ಹಾಕುವ ದಿನ ಅವರು ಗೆಳೆಯರನ್ನು ಕರೆಯುತ್ತಾರೆ. ಒಳಗೆ ಟೊಳ್ಳಾಗಿರುವ ಥರ್ಮೋಕೋಲ್ ಬ್ಲಾಕ್‌ಗಳನ್ನು ಒಂದರ ಮೇಲೊಂದು ಜೋಡಿಸಿ, ಮಧ್ಯೆ ಕಂಬಿ ಕಟ್ಟಿರುತ್ತಾರೆ. ಪಂಪಿನ ಪೈಪಿನಿಂದ ಕಾಂಕ್ರೀಟ್ ಆ ಟೊಳ್ಳಿಗೆ ಇಳಿಯುತ್ತದೆ. ಬ್ಲಾಕನ್ನು ಆಮೇಲೆ ಬಿಚ್ಚುವುದಿಲ್ಲ, ಚಳಿ ತಡೆಯಲು ಗೋಡೆಯಲ್ಲೇ ಇರುತ್ತದೆ. ಬ್ಲಾಕ್ ತುಂಬಾ ಹಗುರ, ಯಾರು ಬೇಕಾದರೂ ಎತ್ತಿ ಇಡಬಹುದು. ಕಾಂಕ್ರೀಟ್ ಹಾಗಲ್ಲ.

ಹಸಿ ಕಾಂಕ್ರೀಟ್ ದ್ರವದ ಹಾಗೆ ಬ್ಲಾಕನ್ನು ಹೊರಕ್ಕೆ ಒತ್ತುತ್ತದೆ. ಆರು ಇಂಚಿನ ಗೋಡೆ ತಾನೇ, ಒತ್ತಡ ಎಷ್ಟಿದ್ದೀತು ಅನ್ನಿಸುತ್ತದೆ. ಆದರೆ ದ್ರವದ ಒತ್ತಡಕ್ಕೆ ದಪ್ಪದ ಲೆಕ್ಕವೇ ಇಲ್ಲ, ಎತ್ತರದ್ದೇ ಲೆಕ್ಕ. ಆರು ಇಂಚಿರಲಿ, ಎರಡು ಅಡಿಯಿರಲಿ, ಬುಡದಲ್ಲಿ ಒತ್ತಡ ಒಂದೇ. ಕಾಂಕ್ರೀಟು ಘನ ಮೀಟರಿಗೆ ಸುಮಾರು 2400 ಕೆ.ಜಿ. ತೂಗುತ್ತದೆ. 8 ಅಡಿ ಗೋಡೆಯನ್ನು ಒಂದೇ ಉಸಿರಿಗೆ ತುಂಬಿದರೆ ಬುಡದ ಪ್ರತಿ ಚದರ ಅಡಿಯ ಮೇಲೂ ಅರ್ಧ ಟನ್ನಿಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಥರ್ಮೋಕೋಲ್ ಉಬ್ಬಿ ಒಡೆಯುವುದು ಹೀಗೆ. ನಮ್ಮಲ್ಲಿ ನೀರಿನ ಸಂಪ್‌ಗೆ ಕಾಂಕ್ರೀಟ್ ಗೋಡೆ ಹಾಕುವಾಗ ಸೆಂಟ್ರಿಂಗ್ ಹಲಗೆ ಬುಡದಲ್ಲಿ ಬಿಗಿಯಾಗಿರಬೇಕು ಅನ್ನುವುದೂ ಇದೇ ಕಾರಣಕ್ಕೆ.

ಇದಕ್ಕೆ ಮದ್ದು ಅವಸರ ಮಾಡದಿರುವುದು. ಮೊದಲ ಸುತ್ತಿಗೆ ಮೂರು ನಾಲ್ಕು ಅಡಿ ಮಾತ್ರ ತುಂಬಿ, ಮನೆಯ ಸುತ್ತ ಒಂದು ಸಲ ಬಂದು, ಆಮೇಲೆ ಮೇಲಿನದನ್ನು ತುಂಬುತ್ತಾರೆ. ಅಷ್ಟರಲ್ಲಿ ಕೆಳಗಿನದು ಬಿಗಿಯಾಗತೊಡಗಿ, ತನ್ನ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ತಾನೇ ಹೊರುತ್ತದೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಹೊಸ ವಸ್ತುವಾಗುತ್ತದೆ. ಕಲಸಿದ ಮೇಲೆ ಕೆಲ ಹೊತ್ತು ಈ ಕ್ರಿಯೆ ಬಹಳ ನಿಧಾನ. ಲಾರಿಯಲ್ಲಿ ತರಲು, ಪಂಪ್ ಮಾಡಲು ಸಿಗುವ ಸಮಯ ಅದೇ. ಆಮೇಲೆ ಕಣಗಳ ಸುತ್ತ ಅಂಟಿನಂಥ ಪದರ ಬೆಳೆದು ಮರಳು, ಜಲ್ಲಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಚಳಿಯಲ್ಲಿ ಇದು ಇನ್ನೂ ನಿಧಾನ. ಹಾಗಾಗಿ ತಣ್ಣಗಿರುವ ದಿನ ಇನ್ನಷ್ಟು ತಾಳ್ಮೆಯಿಂದ ತುಂಬಬೇಕು.

ತೀರಾ ತಡ ಮಾಡಿದರೂ ಕಷ್ಟ. ಕೆಳಗಿನದು ಪೂರ್ತಿ ಬಿಗಿಯಾದ ಮೇಲೆ ಹೊಸದನ್ನು ಸುರಿದರೆ ಎರಡೂ ಬೆಸೆಯುವುದಿಲ್ಲ, ಆ ಗೆರೆಯಲ್ಲೇ ನೀರು ಜಿನುಗುತ್ತದೆ. ಅದಕ್ಕೇ ಕಾಂಕ್ರೀಟನ್ನು ನಡುಗಿಸಿ ಕೂರಿಸುವ ವೈಬ್ರೇಟರ್ ಸೂಜಿಯನ್ನು ಕೆಳಗಿನ ಪದರದೊಳಗೂ ಅರ್ಧ ಅಡಿಯಷ್ಟು ಇಳಿಸುತ್ತಾರೆ. ಗುಳ್ಳೆಗಳು ಮೇಲೆ ಬರುತ್ತವೆ, ಪದರಗಳು ಒಂದಾಗುತ್ತವೆ. ಸೂಜಿಯನ್ನು ಅಲ್ಲೇ ಬಿಟ್ಟರೆ ಮಾತ್ರ ಬಿಗಿಯಾಗುತ್ತಿದ್ದದ್ದು ಮತ್ತೆ ನೀರಾಗಿ, ಒತ್ತಡ ವಾಪಸ್ ಬರುತ್ತದೆ. ಸಹಾಯಕ್ಕೆ ಬಂದವರಲ್ಲಿ ಅತ್ಯಂತ ಸಮಾಧಾನದ ಮನುಷ್ಯನ ಕೈಗೆ ವೈಬ್ರೇಟರ್ ಕೊಡಿ ಅಂತಲೇ ನಾನು ಹೇಳುವುದು. ಇನ್ನೊಬ್ಬರು ಪ್ಲೈವುಡ್ ತುಂಡು, ಸ್ಕ್ರೂ ಹಿಡಿದು ಗೋಡೆ ಎಲ್ಲಿ ಉಬ್ಬುತ್ತಿದೆ ಎಂದು ನೋಡುತ್ತಾ ಓಡಾಡುತ್ತಿರಲಿ.

ಕಾಂಕ್ರೀಟ್ ಗಟ್ಟಿ ಅನ್ನಿಸಿದಾಗ "ಸ್ವಲ್ಪ ನೀರು ಬಿಡಿ" ಎಂದು ಲಾರಿಯವನಿಗೆ ಹೇಳುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಸಿಮೆಂಟಿಗೆ ಹೋಲಿಸಿದರೆ ನೀರು ಹೆಚ್ಚಿದಷ್ಟೂ ಬಲ ಕಡಿಮೆ ಎಂದು ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಏಬ್ರಮ್ಸ್ 1918ರಲ್ಲೇ ಪ್ರಕಟಿಸಿದ್ದರು. ಹೆಚ್ಚುವರಿ ನೀರು ಇದ್ದ ಜಾಗ ಕೊನೆಗೆ ಸಣ್ಣ ಸಣ್ಣ ತೂತುಗಳಾಗಿ ಉಳಿಯುತ್ತದೆ.

ಗೆಳೆಯರಿಗೆ ರಬ್ಬರ್ ಗ್ಲೌಸ್, ಬೂಟು, ಕನ್ನಡಕ ಕೊಡಲೇಬೇಕು. ಹಸಿ ಕಾಂಕ್ರೀಟು ಸುಣ್ಣದಷ್ಟೇ ಖಾರ, ಅದರ ಪಿಎಚ್ 12ಕ್ಕೂ ಮೇಲೆ. ಬೂಟಿನೊಳಗೆ ಸೇರಿದರೆ ಆಗಲೇ ಉರಿಯದಿರಬಹುದು, ಸಂಜೆ ಹೊತ್ತಿಗೆ ಚರ್ಮ ಸುಟ್ಟಿರುತ್ತದೆ. ತಾಗಿದ ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು.

ತುಂಬಿ ಮುಗಿದ ಕೂಡಲೇ ಎಲ್ಲರನ್ನೂ ಊಟಕ್ಕೆ ಕಳಿಸಬೇಡಿ. ಮೇಲಂಚಿಗೆ ಕಟ್ಟಿದ ದಾರಕ್ಕೂ ಗೋಡೆಗೂ ಇರುವ ಸಂದು ಉದ್ದಕ್ಕೂ ಒಂದೇ ಇದೆಯಾ ಅಂತ ಅಳೆಯಬೇಕು. ವಾಲಿದ ಕಡೆ ಆಸರೆ ಕಂಬದ ತಿರುಪನ್ನು ತಿರುಗಿಸಿ ನೇರ ಮಾಡಬೇಕು. ಮೇಲಿನ ಮರದ ಪಟ್ಟಿಗೆ ಬೇಕಾದ ಬೋಲ್ಟ್‌ಗಳನ್ನು ಇಳಿಸುವುದೂ ಆಗಲೇ. ಬೋಲ್ಟ್ ಸಲೀಸಾಗಿ ಇಳಿಯುತ್ತಿದ್ದರೆ ಗೋಡೆಯನ್ನು ಸರಿಪಡಿಸಲು ಇನ್ನೂ ಹೊತ್ತಿದೆ ಎಂದರ್ಥ.